ಅಪ್ಪನ ಮಂಚದ ಕೆಳಗಿನ ನಾಯಿ

ಅಪ್ಪ ಬಿದ್ದದ್ದು ತಿಕೋಟಾದ ಸಂತೆಯಲ್ಲಿ, ಗಿರಾಕಿಯೊಬ್ಬನಿಗೆ ಹಗ್ಗದ ಸುರುಳಿ ಬಿಚ್ಚಿ ತೋರಿಸುತ್ತಿದ್ದಾಗ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ ಅದು. ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ನಮ್ಮದು ಒಕ್ಕಲುತನದ ಸಾಮಾನಿನ ಅಂಗಡಿ. ಹಗ್ಗ, ಮಿಣಿ, ಎತ್ತಿನ ಮೂಗುದಾಣ, ಬಾರುಕೋಲು, ಕುಂಟೆಗೆ ಹಾಕುವ ಕಬ್ಬಿಣದ ಕುಡ. ಮುಂದೆ ಅಂಗಡಿ, ಹಿಂದೆ ಮನೆ. ಸಂತೆಯ ದಿನ ಅಪ್ಪ, ಅಣ್ಣ ಇಬ್ಬರೂ ಗಂಟು ಕಟ್ಟಿಕೊಂಡು ತಿಕೋಟಾಕ್ಕೋ ಬಬಲೇಶ್ವರಕ್ಕೋ ಬಸ್ಸು ಹತ್ತುತ್ತಿದ್ದರು. ಅಪ್ಪನ ಕೈಚೀಲದಲ್ಲಿ ಕೂತು ನಾಯಿಯೂ ಹೋಗುತ್ತಿತ್ತು.

ಅದು ಕಳ್ಳಕವಟಗಿಯ ಕುರಿ ಕಾಯುವವರ ಕಡೆಯಿಂದ ಬಂದ ನಾಯಿ. ಅವರ ನಾಯಿಗಳೆಲ್ಲ ಉದ್ದ ಕಾಲಿನವು, ತೋಳದ ಬೆನ್ನು ಹತ್ತುವಂಥವು. ಇದು ಮಾತ್ರ ಬೆಳೆಯಲಿಲ್ಲ. ಕುರಿಮರಿಯ ಹೊಟ್ಟೆಯ ಕೆಳಗೆ ನುಸುಳುವಷ್ಟೇ ಎತ್ತರ. ಹಿಂಡಿಗೆ ಉಪಯೋಗವಿಲ್ಲವೆಂದು ಅವರು ಬಿಟ್ಟಿದ್ದನ್ನು ಅಪ್ಪ ಎತ್ತಿಕೊಂಡು ಬಂದ. ಹೆಸರಿಡಲಿಲ್ಲ. "ಬಾ" ಅನ್ನುತ್ತಿದ್ದ, ಬರುತ್ತಿತ್ತು. ಕಡಿಯುವ ಚಟ ಅದಕ್ಕೆ ಮೊದಲಿನಿಂದಲೂ ಇತ್ತು. ಗಿರಾಕಿಗಳು ಹುಷಾರಾಗಿ ಕಾಲಿಡುತ್ತಿದ್ದರು. ಅಪ್ಪ ನಗುತ್ತಿದ್ದ. "ಸಣ್ಣ ಪ್ರಾಣಿ, ಹೆದರಿ ಕಡೀತೈತಿ" ಎಂದು ಹೇಳಿ ಸುಮ್ಮನಾಗುತ್ತಿದ್ದ.

ಅಂದು ಅಣ್ಣ ಎರಡನೆಯ ಗಂಟು ತರಲು ಬಸ್ ನಿಲ್ದಾಣಕ್ಕೆ ಹೋಗಿದ್ದ. ಮರಳಿ ಬರುವಾಗ ಜನ ಸುತ್ತುಗಟ್ಟಿ ನಿಂತಿದ್ದರು. ಯಾರೂ ಒಳಗೆ ಹೋಗಿರಲಿಲ್ಲ. ಅಪ್ಪ ಬಿಸಿಲಿನಲ್ಲಿ ಅಂಗಾತ ಬಿದ್ದಿದ್ದ. ರುಮಾಲು ಬಿಚ್ಚಿಹೋಗಿ ಧೂಳಿನಲ್ಲಿತ್ತು. ನಾಯಿ ಅವನ ಎದೆಯ ಮೇಲೆ ನಾಲ್ಕೂ ಕಾಲೂರಿ ನಿಂತು ಹಲ್ಲು ಕಿಸಿದಿತ್ತು. ನೀರು ಕುಡಿಸಲು ಬಗ್ಗಿದ ಗಿರಾಕಿಯ ಮೊಣಕೈ ಆಗಲೇ ಹರಿದಿತ್ತು. ಯಾರೋ ಕಲ್ಲೆಸೆಯುತ್ತಿದ್ದರು, ಕಲ್ಲು ಅಪ್ಪನಿಗೂ ತಾಗುತ್ತಿತ್ತು. ಅಣ್ಣ ನುಗ್ಗಿ ನಾಯಿಯ ಕುತ್ತಿಗೆಗೆ ಕೈ ಹಾಕಿದ. ಅದು ಅವನ ಹೆಬ್ಬೆರಳಿನ ಬುಡಕ್ಕೆ ಹಲ್ಲು ನಾಟಿಸಿತು, ಬಿಡಲೇ ಇಲ್ಲ. ಕೊನೆಗೆ ಕುರಿಗಾರನೊಬ್ಬ ಕಂಬಳಿ ಎಸೆದು ಅದನ್ನು ಮುಚ್ಚಿ ಹಿಡಿದ ಮೇಲೆ ಅಪ್ಪನನ್ನು ಎತ್ತಿ, ಶೇಂಗಾ ಚೀಲ ತುಂಬಿದ ಲಾರಿಯೊಂದರಲ್ಲಿ ಮಲಗಿಸಿ ವಿಜಾಪುರಕ್ಕೆ ತಂದರು.

ಸರ್ಕಾರಿ ದವಾಖಾನೆಯ ಡಾಕ್ಟರಿಗೆ ಅಣ್ಣ ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದ. "ಸಾಹೇಬ್ರ, ಸ್ವಲ್ಪ ಲಗೂನ ತಂದಿದ್ರ ಹಿಂಗಾಗತಿರಲಿಲ್ಲೇನ್ರಿ?"

"ಹಂಗೇನಿಲ್ಲಪ್ಪಾ. ಆಗೂದು ಬಿದ್ದಾಗನ ಆಗಿ ಹೋಗೇತಿ" ಎಂದರು ಡಾಕ್ಟರು. ಅಣ್ಣ ಅದನ್ನು ನಂಬಲಿಲ್ಲ. ಇನ್ನೊಂದು ಕಷ್ಟವೂ ಅವನಿಗಿತ್ತು. ಕಂಬಳಿಯಿಂದ ತಪ್ಪಿಸಿಕೊಂಡ ನಾಯಿ ಕಾಣೆಯಾಗಿತ್ತು. ಅದಕ್ಕೆ ಹುಚ್ಚು ಹಿಡಿದಿದೆಯೋ ಇಲ್ಲವೋ ನೋಡಿ ಹೇಳಲು ನಾಯಿಯೇ ಇಲ್ಲವಾದ್ದರಿಂದ, ದಿನಾಲೂ ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಲೇಬೇಕೆಂದರು. ಬೆಳಿಗ್ಗೆ ಸೂಜಿ ಹಾಕಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ಬಂದು ಅಪ್ಪನ ಹಾಸಿಗೆಯ ಪಕ್ಕ ಕೂರುತ್ತಿದ್ದ.

ನಾಯಿ ತಿಕೋಟಾದಿಂದ ನಡೆದೇ ಬಂತು. ಒಂದು ಮುಂಜಾನೆ ಅವ್ವ ಬಾಗಿಲು ತೆರೆದರೆ ಹೊಸಿಲ ಮೇಲೆ ಬಿದ್ದುಕೊಂಡಿತ್ತು. ಪಾದಗಳು ಒಡೆದು ರಕ್ತ ಒಣಗಿತ್ತು. ಅದಕ್ಕೆ ಹುಚ್ಚೇನೂ ಇರಲಿಲ್ಲ. ಆದರೆ ಶುರು ಮಾಡಿದ ಸೂಜಿಯನ್ನು ನಡುವೆ ನಿಲ್ಲಿಸಲು ಅಣ್ಣನಿಗೆ ಧೈರ್ಯವಾಗಲಿಲ್ಲ.

ಅಪ್ಪನನ್ನು ಮನೆಗೆ ತಂದಾಗ ಲಕ್ವ ಹೊಡೆದು ಬಲಗೈ, ಬಲಗಾಲು ಸತ್ತಿದ್ದವು. ಬಾಯಿ ಒಂದು ಕಡೆಗೆ ಜಾರಿತ್ತು. ಮಾತೆಲ್ಲ ಹೋಗಿ ಒಂದೇ ಒಂದು ಶಬ್ದ ಉಳಿದಿತ್ತು. ಅದು "ಬಾ". ನೀರು ಬೇಕಾದರೂ ಬಾ, ಬಿಸಿಲು ಮುಖಕ್ಕೆ ಬಿದ್ದರೂ ಬಾ. ಅವನು ಹೇಳಬೇಕೆಂದದ್ದು ಬೇರೆ ಏನೋ ಇರುತ್ತಿತ್ತು, ಬಾಯಿಂದ ಬರುತ್ತಿದ್ದದ್ದು ಮಾತ್ರ ಅದು. ಆ ಮಾತು ಕೇಳಿದಾಗಲೆಲ್ಲ ಮಂಚದ ಕೆಳಗಿನಿಂದ ನಾಯಿ ಜಿಗಿದು ಅವನ ಮೇಲೇರುತ್ತಿತ್ತು. ಯಾರ ಕೈ ಅವನ ಮೈಮೇಲಿದ್ದರೂ ಆ ಕೈಗೆ ಬಾಯಿ ಹಾಕುತ್ತಿತ್ತು.

ಲಗ್ನ ಇನ್ನೂ ಆಗಿರದ ಹುಡುಗಿ ನಾನು, ಹತ್ತನೆಯ ತರಗತಿ ಮುಗಿಸಿ ಮನೆಯಲ್ಲಿದ್ದೆ. ಅವ್ವನ ಮೊಣಕಾಲು ಊದಿಕೊಂಡು ಅವಳಿಗೆ ಬಗ್ಗಲು ಆಗುತ್ತಿರಲಿಲ್ಲವಾದ್ದರಿಂದ ಅಪ್ಪನ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ರುಮಾಲಿಲ್ಲದೆ ಹೊಸಿಲು ದಾಟದವನು ಅವನು. ನಮ್ಮೆದುರು ಅಂಗಿ ತೆಗೆದು ಕೂತದ್ದನ್ನು ನಾನು ನೋಡಿರಲಿಲ್ಲ. ಈಗ ಅವನ ಧೋತರ ಬದಲಿಸಬೇಕಿತ್ತು, ಹೇಲು ಉಚ್ಚೆ ಬಳಿಯಬೇಕಿತ್ತು. ನಾನು ಮುಖ ಆ ಕಡೆ ತಿರುಗಿಸಿ ಒರೆಸುತ್ತಿದ್ದೆ, ಅವನು ಗೋಡೆಯ ಕಡೆ ನೋಡುತ್ತಿದ್ದ. "ಬಾ, ಬಾ" ಅನ್ನುತ್ತಿದ್ದ. ನಾಯಿ ಬರುತ್ತಿತ್ತು. ನನ್ನ ಎರಡೂ ಕೈಗಳಿಗೆ ಅರಿಶಿನದ ಪಟ್ಟಿ ಇಲ್ಲದ ದಿನವಿರಲಿಲ್ಲ.

ಅದನ್ನು ತಿದ್ದಲು ಮೊದಲು ಹೊರಟವನು ಅಣ್ಣ. ಬಾರುಕೋಲಿನಿಂದ ಹೊಡೆದ. ಹೊಡೆದಷ್ಟೂ ಅದು ಮಂಚದ ಕೆಳಗೆ ಇನ್ನೂ ಒಳಗೆ ಸರಿಯಿತು. ಮರುದಿನ ಅಂಗಡಿಯ ಮಿಣಿಯಿಂದಲೇ ಅದರ ಮೂತಿಗೆ ಕುಣಿಕೆ ಹಾಕಿ ಕಟ್ಟಿದ. ನಾಯಿಗೆ ನೀರು ಕುಡಿಯಲಾಗಲಿಲ್ಲ. ಅಪ್ಪ ಅದನ್ನು ನೋಡಿ ತಾನೂ ತುಟಿ ಬಿಗಿದುಕೊಂಡ. ಗಂಜಿಯ ಚಮಚ ಹಲ್ಲಿಗೆ ತಾಗಿ ಹೊರಗೆ ಚೆಲ್ಲಿತು. ಸಂಜೆಯ ಹೊತ್ತಿಗೆ ಅವ್ವ ತಾನೇ ಕುಣಿಕೆ ಬಿಚ್ಚಿದಳು.

ಆಮೇಲೆ ಅದನ್ನು ಚೀಲದಲ್ಲಿ ಹಾಕಿ ಚೀಲದ ಬಾಯಿ ಹೊಲಿದು ಬಸ್ಸಿನಲ್ಲಿ ಸಾರವಾಡಕ್ಕೆ ಒಯ್ದೆವು. ಅಲ್ಲಿ ಅವ್ವನ ತಂಗಿಯ ಮನೆಯಿತ್ತು. ಹೊಲದ ಮನೆಯಲ್ಲಿ ಕಟ್ಟಿಹಾಕಲು ಚಿಕ್ಕಮ್ಮ ಒಪ್ಪಿದಳು. ಒಂದು ವಾರವೂ ಆಗಲಿಲ್ಲ, ಚಿಕ್ಕಮ್ಮನೇ ಅದೇ ಚೀಲದಲ್ಲಿ ಅದನ್ನು ತಿರುಗಿ ತಂದಳು. "ಯವ್ವಾ, ಇದು ನೀರ ಸೈತ ಮುಟ್ಟವಲ್ದು. ನಮ್ಮ ಹೊಲದಾಗ ಸತ್ತರ ಅಣ್ಣಗ ಏನ ಹೇಳಲಿ?" ಅಂದಳು. ಭಾವನಾದ ನಮ್ಮಪ್ಪನನ್ನು ಅವಳು ಅಣ್ಣ ಎಂದೇ ಕರೆಯುತ್ತಿದ್ದಳು. ಅಷ್ಟರಲ್ಲಿ ಇಲ್ಲಿ ಅಪ್ಪನೂ ಒಣಗಿದ್ದ. ಚೀಲ ಬಿಚ್ಚಿದಾಗ ಅವನ ಎಡಗೈ ಮಂಚದಿಂದ ಕೆಳಗೆ ಇಳಿಯಿತು. ನಾಯಿ ಆ ಕೈಯ ಕೆಳಗೆ ಹೋಗಿ ಮಲಗಿತು. ಅಂದು ಅವನು ಬಟ್ಟಲು ತುಂಬ ಗಂಜಿ ಕುಡಿದ.

ನಾನು ಅಲ್ಲಿಯವರೆಗೆ ನಾಯಿಯನ್ನೇ ನೋಡುತ್ತಿದ್ದೆ. ಅಪ್ಪನ ಮುಖ ನೋಡಬೇಕೆಂದು ನನಗೆ ಹೊಳೆದಿರಲಿಲ್ಲ. ಅದು ಕಂಡದ್ದು ಒಂದು ಮಧ್ಯಾಹ್ನ. ಹಾಸಿಗೆ ಬದಲಿಸಲು ಅಣ್ಣ ಅಪ್ಪನ ಬಗಲಿಗೆ ಕೈ ಕೊಟ್ಟು ಎತ್ತಿದ್ದ. ನಾನು ಕಾಲ ಹತ್ತಿರ ನಿಂತು ಹೊಸ ಕೌದಿ ಹಾಸುತ್ತಿದ್ದೆ. ಅಣ್ಣ ಸುಮ್ಮನಿರಲಾರದೆ ಅಂಗಡಿಯ ಸುದ್ದಿ ಹೇಳತೊಡಗಿದ.

"ಅಪ್ಪಾ, ಹಗ್ಗ ಮಿಣಿ ಎಲ್ಲಾ ತಗದ ಹಾಕಾಕತ್ತೇನಿ ನೋಡು. ಯಾರೂ ಕೇಳವಲ್ರು ಈಗ. ಟ್ರ್ಯಾಕ್ಟರ್ ಸಾಮಾನ ತಂದ ಇಡತೇನಿ. ಸಾರವಾಡ ಕಡೆ ಎಲ್ಲಾ ಟ್ರ್ಯಾಕ್ಟರ್ ಬರಾಕತ್ತಾವ."

ಅಪ್ಪ ಅವನನ್ನು ನೋಡಿದ. ಆಮೇಲೆ ಕತ್ತು ಹೊರಳಿಸಿ ಮಂಚದ ಅಂಚಿನಿಂದ ಕೆಳಗೆ ನೋಡಿದ. ನಾಯಿಯ ಕಣ್ಣಿಗೆ ಕಣ್ಣು ಸೇರುವವರೆಗೆ ಕಾಯ್ದು, ಮೆಲ್ಲಗೆ, ಹಿಂದಿನ ದಿನಗಳಲ್ಲಿ ಕರೆಯುತ್ತಿದ್ದ ದನಿಯಲ್ಲೇ, "ಬಾ" ಎಂದ. ನಾಯಿ ಹಾರಿತು. ಸಂತೆಯಲ್ಲಿ ಕಡಿದಿದ್ದ ಕೈಯನ್ನೇ ಮತ್ತೆ ಕಡಿಯಿತು. ಅಣ್ಣ ಚೀರಿ ಕೈಬಿಟ್ಟ. ಅಪ್ಪ ದಿಂಬಿನ ಮೇಲೆ ದೊಪ್ಪನೆ ಬಿದ್ದ. ಬೀಳುವಾಗ ಅವನ ಮುಖದ ಸರಿಯಿದ್ದ ಅರ್ಧ ನಗುತ್ತಿತ್ತು.

ಅಣ್ಣ ರಕ್ತ ಒತ್ತಿ ಹಿಡಿದುಕೊಂಡಿದ್ದರಿಂದ ಅದನ್ನು ನೋಡಲಿಲ್ಲ. ನಾನು ನೋಡಿದೆ. ಎಷ್ಟು ದಿನದಿಂದ ನಾವು ನಾಯಿಯನ್ನು ಹೊಡೆಯುತ್ತಿದ್ದೆವು, ಕಟ್ಟುತ್ತಿದ್ದೆವು! ಕಡಿಯುತ್ತಿದ್ದವನು ಅವನು. ನನ್ನ ಕೈಯ ಪಟ್ಟಿಗಳನ್ನು ನೋಡಿಕೊಂಡೆ. ಅವುಗಳಲ್ಲಿ ಎಷ್ಟನ್ನು ಅವನು ಕರೆದು ಕೊಟ್ಟಿದ್ದ, ಎಷ್ಟು ತಾವಾಗಿ ಆದವು ಎಂದು ಈಗಲೂ ನನಗೆ ಗೊತ್ತಿಲ್ಲ.

"ಇದನ್ನ ಇವತ್ತ ಮುಗಸತೇನಿ" ಎಂದು ಅಣ್ಣ ಅಂಗಡಿಯಿಂದ ಕಬ್ಬಿಣದ ಕುಡ ಹಿಡಿದುಕೊಂಡು ಬಂದ. ನಾನು ಮಂಚಕ್ಕೆ ಅಡ್ಡ ನಿಂತೆ.

"ಸ್ವಲ್ಪ ದಿನ ಬಿಡು. ನಾ ಕಲಸತೇನಿ ಅದಕ್ಕ."

"ನಾಯಿಗೆ ಏನ ಕಲಸತಿ ಬೇ ನೀ?"

"ಕಲಸತೇನಿ. ಆಗಲಿಲ್ಲಂದ್ರ ನೀ ಏನರ ಮಾಡು."

ಅವನು ಕುಡವನ್ನು ಅಂಗಳಕ್ಕೆ ಎಸೆದು ದವಾಖಾನೆಗೆ ಹೋದ. ಅಪ್ಪ ನಾಯಿಯನ್ನು ಕರೆದದ್ದನ್ನು ನಾನು ಕಂಡೆನೆಂದು ಯಾರಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ.

ನಾಯಿಗೆ ಕಲಿಸುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಬಾಗಿಲ ಪಕ್ಕ ಒಂದು ಗೋಣಿಚೀಲ ಹಾಸಿದೆ. ಹಾಲಿನಲ್ಲಿ ನೆನೆಸಿದ ರೊಟ್ಟಿಯ ಚೂರು ಕೈಯಲ್ಲಿಟ್ಟುಕೊಂಡು "ಬಾ" ಅನ್ನುತ್ತಿದ್ದೆ. ನಾಯಿ ಗೋಣಿಯ ಮೇಲೆ ಬಂದು ಕೂತರೆ ಮಾತ್ರ ಚೂರು. ಮಂಚದ ಕಡೆ ಹಾರಿದರೆ ಏನೂ ಇಲ್ಲ, ಬೈಗುಳವೂ ಇಲ್ಲ, ನಾನು ಮುಖ ತಿರುಗಿಸಿ ಕೂರುತ್ತಿದ್ದೆ. ಹಸಿದ ಪ್ರಾಣಿ ಬೇಗ ತಿಳಿದುಕೊಂಡಿತು. ಅವ್ವನ ಕೈಯಿಂದ ಚೂರು ಕೊಡಿಸಿದೆ. ಪಕ್ಕದ ಮನೆಯವರನ್ನು ಕರೆದು ಅವರಿಂದ ಕೊಡಿಸಿದೆ. ಮೊದಮೊದಲು ಅದು ರೊಟ್ಟಿಯ ಜೊತೆಗೆ ಬೆರಳನ್ನೂ ಹಿಡಿಯುತ್ತಿತ್ತು. ಹಿಡಿದಾಗ ನಾನು ಬೆರಳು ಎಳೆದುಕೊಳ್ಳದೆ, ನಾಯಿಮರಿ ಕುಂಯ್‌ಗುಡುವ ಹಾಗೆ ಕುಂಯ್‌ಗುಟ್ಟುತ್ತಿದ್ದೆ. ಅದು ಬಾಯಿ ಸಡಿಲಿಸಿ ನನ್ನ ಮುಖ ನೋಡುತ್ತಿತ್ತು. ಎಷ್ಟು ಒತ್ತಿದರೆ ನೋವು ಎಂಬುದು ಅದಕ್ಕೆ ಹಾಗೆ ತಿಳಿಯಿತು.

ಆದರೆ ಇದೆಲ್ಲ ನನ್ನ "ಬಾ"ಗೆ. ಅಪ್ಪನ "ಬಾ"ಗೆ ಅದು ಏನು ಮಾಡುತ್ತದೆಂದು ನೋಡಲು ಅಪ್ಪ ಹೇಳಬೇಕಲ್ಲ. ನಾನು ಏನು ಮಾಡುತ್ತಿದ್ದೇನೆಂದು ಅವನಿಗೆ ಪೂರ್ತಿ ತಿಳಿದಿತ್ತು. ಮಂಚದ ಮೇಲಿನಿಂದ ಎಲ್ಲವನ್ನೂ ನೋಡುತ್ತಿದ್ದ. ನಾನು ಹತ್ತಿರ ಹೋದಾಗಲೆಲ್ಲ ಬಾಯಿ ಮುಚ್ಚಿಕೊಂಡ. ನೀರಡಿಸಿದರೂ ಕೇಳಲಿಲ್ಲ. ನಾನಾಗಿಯೇ ತಂದು ಕುಡಿಸಿದರೆ ಕುಡಿದು, ಬೇರೆ ಕಡೆ ನೋಡುತ್ತಿದ್ದ. ಅವನಿಗೆ ಉಳಿದಿದ್ದ ಒಂದು ಮಾತನ್ನೂ ನಾನು ಕಿತ್ತುಕೊಳ್ಳುತ್ತಿದ್ದೇನೆ ಎಂಬಂತಿತ್ತು ಆ ನೋಟ.

ಒಂದು ದಿನ ಅವ್ವ ಗಿರಣಿಗೆ ಹೋಗಿದ್ದಳು. ಅಂಗಡಿಯಲ್ಲಿ ಅಣ್ಣ ಕಬ್ಬಿಣದ ಸಾಮಾನು ಇಳಿಸಿಕೊಳ್ಳುವ ಸದ್ದು ಒಳಗೆ ಕೇಳಿಸುತ್ತಿತ್ತು. ನಾನು ಮಂಚದ ಹತ್ತಿರ ಕುಕ್ಕರುಗಾಲಲ್ಲಿ ಕೂತು ಹೇಳಿದೆ.

"ಯಪ್ಪಾ, ನೀ ನಾಯಿನ ಕರದದ್ದು ನಾ ನೋಡೇನಿ."

ಅವನು ಗೋಡೆ ನೋಡಿದ.

"ನಾವ ನಿನ್ನ ಕೇಳದನ ಎತ್ತತೇವಿ, ಇಳಸತೇವಿ. ನಿನಗ ಸಿಟ್ಟ ಬರತೈತಿ. ಖರೆ ಐತಿ. ಆದ್ರ ಅದು ಇನ್ನೊಮ್ಮೆ ಕಡದ್ರ ಅಣ್ಣ ಅದನ್ನ ಕೊಲ್ಲತಾನ. ನಿನಗ ಬ್ಯಾಡ ಅನಸಿದ್ರ ಈ ಕೈ ಎತ್ತು. ನಾ ಕೈ ತಗೀತೇನಿ. ಏನ ಮಾಡಾಕತ್ತಿದ್ರೂ ತಗೀತೇನಿ."

ನಾನು ಧೋತರ ಬದಲಿಸಲು ಎದ್ದೆ. ಗಂಟಿಗೆ ಕೈ ಹಾಕಿದ ತಕ್ಷಣ ಅವನ ಎಡಗೈ ಮೇಲೆದ್ದಿತು. ನಿಜವಾಗಿಯೂ ಬಿಡುತ್ತೇನೋ ಇಲ್ಲವೋ ನೋಡೋಣ ಎಂದೇ ಎತ್ತಿದ್ದು. ನಾನು ಕೈ ತೆಗೆದೆ.

ಗಿರಣಿಯಿಂದ ಬಂದ ಅವ್ವನಿಗೆ ಬಾಗಿಲಲ್ಲೇ ವಾಸನೆ ಹೊಡೆಯಿತು. "ಏನಿದು? ಹಿಂಗ ಬಿಟ್ಟ ಕುಂತೀಯಲ್ಲ, ನಿನಗ ಕಣ್ಣಿಲ್ಲೇನು?" ಎಂದು ಕೂಗಿದಳು.

"ಅಪ್ಪ ಬ್ಯಾಡ ಅಂದಾನ."

"ಅವಗ ಬುದ್ಧಿ ಐತೇನ ಈಗ?"

"ಐತಿ ಯವ್ವಾ."

ಅವ್ವ ತಾನೇ ಬಗ್ಗಲು ಹೋದಳು, ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟಳು. ಅಳುತ್ತಾ ನನ್ನನ್ನು ಬಯ್ದಳು. ನೊಣಗಳು ಕೂತವು. ಅಪ್ಪ ತನ್ನ ಹೊಲಸಿನಲ್ಲೇ ಮಲಗಿ ಮೇಲಿನ ಜಂತಿ ನೋಡುತ್ತಿದ್ದ. ನಾನು ಎದ್ದುಹೋಗಿ ಅಡುಗೆಮನೆಯಲ್ಲಿ ನಿಂತೆ. ಒಳ್ಳೆಯದು ಮಾಡುತ್ತಿದ್ದೇನೆಂದು ನನಗೆ ಒಂದು ಗಳಿಗೆಯೂ ಅನ್ನಿಸಲಿಲ್ಲ. ಬಿಸಿಲು ಅಂಗಳದಿಂದ ಸರಿದು ಹೋದ ಮೇಲೆ ಒಳಗಿನಿಂದ ದನಿ ಬಂತು. "ಬಾ."

ಓಡಿ ಹೋದೆ. ಅವನು ನನ್ನನ್ನೇ ನೋಡುತ್ತಿದ್ದ. ಮಂಚದ ಕೆಳಗಿದ್ದ ನಾಯಿ ಎದ್ದು, ಮಂಚವನ್ನೊಮ್ಮೆ ನೋಡಿ, ಗೋಣಿಯನ್ನೊಮ್ಮೆ ನೋಡಿ, ಹೋಗಿ ಗೋಣಿಯ ಮೇಲೆ ಕೂತಿತು. ಅದಕ್ಕೆ ರೊಟ್ಟಿಯ ಚೂರು ಕೊಟ್ಟು, ಅಪ್ಪನನ್ನು ತೊಳೆದೆ. ಅವನು ಕೈ ಎತ್ತಲಿಲ್ಲ. ಕಣ್ಣಿನಿಂದ ನೀರು ಕಿವಿಯ ಕಡೆಗೆ ಇಳಿಯುತ್ತಿತ್ತು, ಅದನ್ನೂ ಒರೆಸಿದೆ.

ಅಂದಿನಿಂದ ಅವನು ಬೇಡವಾದಾಗ ಕೈ ಎತ್ತುತ್ತಿದ್ದ. ದಿನಕ್ಕೆ ಹಲವು ಸಲ ಎತ್ತುತ್ತಿದ್ದ. ಗಂಜಿ ಸಾಕು, ಬಾಗಿಲು ಮುಚ್ಚಬೇಡ, ಈಗ ಮುಟ್ಟಬೇಡ. ಎಲ್ಲ ಕೆಲಸವೂ ನಿಧಾನವಾಯಿತು, ಮನೆಯಲ್ಲಿ ವಾಸನೆ ಹೆಚ್ಚಾಯಿತು. ನಾಯಿಯ ಹಲ್ಲು ಮಾತ್ರ ನಿಂತಿತು.

ಅಷ್ಟರಲ್ಲಿ ಅಣ್ಣ ಬಬಲೇಶ್ವರದಿಂದ ಎಣ್ಣೆ ತಿಕ್ಕುವವನನ್ನು ಕರೆತಂದ. ಸತ್ತ ಕೈಕಾಲಿಗೆ ಜೀವ ಬರಿಸುತ್ತಾನೆಂದು ಆ ಕಡೆಯಲ್ಲಿ ಹೆಸರಿದ್ದವನು. ದೊಡ್ಡ ಕೈಗಳವನು. ಬಲಗಾಲನ್ನು ಹಿಡಿದು ಮೇಲಕ್ಕೆ ಮಡಚಿದ್ದೇ ತಡ, ಅಪ್ಪನ ಬಾಯಿಂದ ಕೂಗೊಂದು ಹೊರಟಿತು, ಎಡಗೈ ಎದ್ದಿತು. ನಾನು "ಬಿಡ್ರಿ" ಅಂದೆ.

"ಸ್ವಲ್ಪ ನೋವು ಆಗತೈತಿ ತಂಗಿ, ತಡಕೋಬೇಕು" ಅಂದ ಅವನು. ಅಣ್ಣನೂ "ನೀ ಸುಮ್ನಿರು, ಅವರಿಗೆ ಗೊತ್ತೈತಿ" ಅಂದ.

ಅಪ್ಪ ಕೈ ಇಳಿಸಲಿಲ್ಲ. ಬಾಯಲ್ಲಿ "ಬಾ, ಬಾ, ಬಾ" ಬರುತ್ತಿತ್ತು. ಅವನು ಯಾರನ್ನು ಕರೆಯುತ್ತಿದ್ದನೋ. ನಾಯಿ ಗೋಣಿಯ ಮೇಲೆ ಎದ್ದು ನಿಂತಿತು. ಮೈಯೆಲ್ಲ ನಡುಗುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಒಂದು ಹೆಜ್ಜೆ ಇಟ್ಟು ನನ್ನ ಮುಖ ನೋಡಿತು. ಕಡಿಯಲಿಲ್ಲ. ನಾನು ಹೋಗಿ ಆ ಮನುಷ್ಯನ ಎರಡೂ ಕೈಗಳನ್ನು ಹಿಡಿದು ಅಪ್ಪನ ಕಾಲಿನಿಂದ ಬಿಡಿಸಿದೆ. ಪರಪುರುಷನ ಕೈ ಹಿಡಿದೆನೆಂದು ಅಣ್ಣ ನನ್ನ ಕೆನ್ನೆಗೆ ಹೊಡೆದ. ಎಣ್ಣೆಯ ಬಟ್ಟಲು ಉರುಳಿತು. ಆ ಮನುಷ್ಯ "ನಿಮ್ಮ ಮನೀ ಕೆಲಸ ಬ್ಯಾಡಪಾ ನನಗ" ಎಂದು ಹೊರಟುಹೋದ. ಅಪ್ಪನ ಕೈ ಆಗ ಕೆಳಗಿಳಿಯಿತು.

ಮುಂದಿನ ಚಳಿಗಾಲದಲ್ಲಿ ಅಪ್ಪನಿಗೆ ಎರಡನೆಯ ಸಲ ಲಕ್ವ ಹೊಡೆಯಿತು. ಆಗ ಎಡಗೈಯೂ ಹೋಯಿತು. "ಬಾ" ಕೂಡ ಹೋಯಿತು. ನಮಗೆ ಏನು ಮಾಡಿದರೆ ಸರಿ, ಏನು ಮಾಡಿದರೆ ತಪ್ಪು ಎಂದು ತಿಳಿಯುವ ದಾರಿಯೇ ಉಳಿಯಲಿಲ್ಲ. ತೊಳೆದೆವು, ಹೊರಳಿಸಿದೆವು, ಬಾಯಿಗೆ ನೀರು ಬಿಟ್ಟೆವು. ನಾಯಿ ಎಲ್ಲವನ್ನೂ ಸುಮ್ಮನೆ ನೋಡುತ್ತಿತ್ತು. ಕೆಲವು ದಿನಗಳ ನಂತರ ಒಂದು ಮುಂಜಾನೆ, ಅವ್ವ ಅವನ ಮುಖ ಒರೆಸುತ್ತಿದ್ದಾಗಲೇ ಉಸಿರು ನಿಂತಿತು.

ಕಳ್ಳಕವಟಗಿಯಿಂದ, ಸಾರವಾಡದಿಂದ ಜನ ಬಂದರು. ಎತ್ತಲು ಬಂದ ಗಂಡಸರು ಬಾಗಿಲಲ್ಲೇ ನಿಂತರು. ತಿಕೋಟಾದ ಸಂತೆಯ ಕಥೆ ಎಲ್ಲರಿಗೂ ಗೊತ್ತಿತ್ತು. "ನಾಯಿ ಎಲ್ಲೈತ್ರಿ? ಕಟ್ಟೀರೇನು?" ಎಂದು ಕೇಳಿದರು. ಅದು ಗೋಣಿಯ ಮೇಲಿತ್ತು. ಅವರು ಅದರ ಪಕ್ಕದಲ್ಲೇ ದಾಟಿ ಹೋದರು, ಅಪ್ಪನನ್ನು ಎತ್ತಿದರು, ಸ್ನಾನ ಮಾಡಿಸಿದರು, ರುಮಾಲು ಸುತ್ತಿದರು, ಹೊತ್ತುಕೊಂಡು ಹೋದರು. ಅಷ್ಟು ಕೈಗಳು ಅವನನ್ನು ಮುಟ್ಟಿದವು. ನಾಯಿ ತಲೆಯನ್ನು ಕೂಡ ಎತ್ತಲಿಲ್ಲ. ಅವ್ವ ಎದೆ ಬಡಿದುಕೊಳ್ಳುವುದನ್ನು ನಿಲ್ಲಿಸಿ ಅದರ ಕಡೆ ತಿರುಗಿ, "ಇವತ್ತ ಕಡೀಬಾರದೇನ ಲೇ, ಇವತ್ತರ ಒಯ್ಯಾಕ ಬಿಡಬಾರದಿತ್ತು" ಎಂದು ಕಿರುಚಿದಳು. ಹೆಂಗಸರು ಅವಳನ್ನು ಒಳಗೆ ಕರೆದುಕೊಂಡು ಹೋದರು. ನನ್ನ ಅಳು ಅಲ್ಲಿಯವರೆಗೆ ಬಂದಿರಲಿಲ್ಲ, ಆಗ ಬಂತು.

ದಿನಕರ್ಮ ಮುಗಿದ ಮೇಲೆ ಅಣ್ಣ ಒಂದು ಮಧ್ಯಾಹ್ನ ನನ್ನನ್ನು ಅಂಗಡಿಗೆ ಕರೆದ. ಹಗ್ಗಗಳಿದ್ದ ಗೋಡೆಗೆಲ್ಲ ಈಗ ಟ್ರ್ಯಾಕ್ಟರಿನ ಬೆಲ್ಟುಗಳು ಜೋತಾಡುತ್ತಿದ್ದವು. ಅವನು ಹೆಬ್ಬೆರಳನ್ನು ತಿಕ್ಕಿಕೊಳ್ಳುತ್ತಿದ್ದ. ಎರಡು ಸಲ ಕಡಿತವಾದ ಆ ಬೆರಳು ಪೂರ್ತಿ ಮಡಚುತ್ತಿರಲಿಲ್ಲ.

"ಒಂದ ಮಾತ ಕೇಳತೇನಿ, ಖರೆ ಹೇಳು. ಆವತ್ತ ನಾ ಅಂಗಡಿ ಸುದ್ದಿ ಹೇಳಾಕತ್ತಿದ್ನಿ ನೋಡು. ಅಪ್ಪ ನಾಯಿನ ಬೇಕಂತನ ಕರದ್ನೇನು?"

ಇಲ್ಲ ಅನ್ನಬಹುದಾಗಿತ್ತು. ಅವನ ಮುಖ ನೋಡಿದರೆ ಸುಳ್ಳು ಹೇಳಲು ಆಗಲಿಲ್ಲ.

"ಹೌದು, ಕರದ."

ಅವನು ತಲೆಯಾಡಿಸಿದ. "ಹಂಗಾರ ಆ ನಾಯೀದೇನ ತಪ್ಪು" ಅಂದ. ಎದ್ದುಹೋಗಿ ಒಳಗಿನಿಂದ ನಾಯಿಯನ್ನು ಎತ್ತಿಕೊಂಡು ಬಂದು, ತನ್ನ ಗಾದಿಯ ಪಕ್ಕ ಬಿಟ್ಟ. ಅದು ಅವನ ಕೈಯಲ್ಲಿ ಕಟ್ಟಿಗೆಯ ಹಾಗೆ ಬಿಗಿದುಕೊಂಡಿತ್ತು.

ಮರುವರ್ಷ ಚಿಕ್ಕಮ್ಮ ನೋಡಿದ ಸಂಬಂಧವೇ ಕೂಡಿ ನಾನು ಸಾರವಾಡಕ್ಕೆ ಲಗ್ನವಾಗಿ ಹೋದೆ. ತವರಿಗೆ ಬಂದಾಗಲೆಲ್ಲ ಅಂಗಡಿಯಲ್ಲಿ ನಾಯಿಯನ್ನು ನೋಡುತ್ತಿದ್ದೆ. ಗಿರಾಕಿಗಳ ಮಕ್ಕಳು ಅದರ ಕಿವಿ ಎಳೆಯುತ್ತಿದ್ದರು, ಬಾಲ ತಿರುವುತ್ತಿದ್ದರು. ಅದು ಕಣ್ಣು ಮುಚ್ಚಿಕೊಂಡು ಸಹಿಸುತ್ತಿತ್ತು. ನನಗೆ ನೋಡಲಾಗುತ್ತಿರಲಿಲ್ಲ. ಅಣ್ಣ ಮಕ್ಕಳನ್ನು ಗದರಿಸಿ ಓಡಿಸುತ್ತಿದ್ದ.

ನನಗೆ ಎರಡನೆಯ ಮಗು ಹುಟ್ಟಿದ ವರ್ಷ, ಹೇಳದೆ ಕೇಳದೆ ಅಣ್ಣ ಸಾರವಾಡಕ್ಕೆ ಬಂದ. ಅಂಗಡಿಯ ಮುಂದೆ ಲಾರಿಯೊಂದು ಹಿಂದಕ್ಕೆ ಸರಿಯುವಾಗ ನಾಯಿ ಗಾಲಿಯ ಕೆಳಗೆ ಸಿಕ್ಕಿತೆಂದು ಹೇಳಿದ. "ಲಗೂನ ಸಾಯಲಿಲ್ಲ. ನಾ ಎತ್ತಿಕೊಂಡ್ನಿ. ಅಷ್ಟ ನೋವಿದ್ರೂ ನನ್ನ ಕೈಗೆ ಬಾಯಿ ಹಾಕಲಿಲ್ಲ ನೋಡು" ಅಂದ. ಹಿತ್ತಲಿನಲ್ಲಿ ತಾನೇ ಗುಂಡಿ ತೋಡಿ ಹುಗಿದದ್ದನ್ನು ಹೇಳಿದ. ನಾನು ಚಹಾಕ್ಕೆ ನೀರಿಟ್ಟು ಹೊರಗೆ ಬರುವಷ್ಟರಲ್ಲಿ ಅವನು ಚಪ್ಪಲಿ ಮೆಟ್ಟಿಕೊಂಡು ಬಸ್ಸಿನ ಕಡೆಗೆ ನಡೆದಿದ್ದ.